ಕಲ್ಲು ಮತ್ತು ಕ್ಯಾರಿಯರ್

ತೊಂದರೆಯೆಲ್ಲ ಶುರುವಾದದ್ದು ಹೆಡ್ ಕ್ಲಾರ್ಕರ ಹೊಟ್ಟೆಯೊಳಗಿನ ಕಲ್ಲಿನಿಂದ. ಆಪರೇಷನ್ ಮಾಡಿ ಅದನ್ನು ತೆಗೆದು ವರ್ಷವೇ ಆಗಿತ್ತು. ಆದರೂ ದಿನಾ ಬೆಳಿಗ್ಗೆ ಟಪಾಲು ಗುಮಾಸ್ತನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಆಫೀಸಿಗೆ ಹೊರಟ ಕೂಡಲೇ ಅವರು ಆ ಕತೆ ತೆಗೆಯುತ್ತಿದ್ದರು. ಕತೆಯಲ್ಲಿ ಅವರನ್ನು ಆಪರೇಷನ್ ಟೇಬಲ್ಲಿನ ಮೇಲೆ ಮಲಗಿಸುವ ಹೊತ್ತಿಗೆ ಸರಿಯಾಗಿ ಆಫೀಸಿನ ಗೇಟು ಬರುತ್ತಿತ್ತು. ಮರುದಿನ ಮತ್ತೆ ಮೊದಲಿನಿಂದ. ಮೂರು ತಿಂಗಳಾದರೂ ಗುಮಾಸ್ತನ ಪಾಲಿಗೆ ಆ ಕಲ್ಲು ಹೊರಗೇ ಬಂದಿರಲಿಲ್ಲ.

ಒಲ್ಲೆ ಎನ್ನೋಣವೆಂದರೆ ಮೇಲಿನವರು. ಶನಿವಾರ ಗುಮಾಸ್ತ ಧೈರ್ಯ ಮಾಡಿ ಒಂದು ಸುಳ್ಳು ಬಿಟ್ಟ.

"ಸಾರ್, ಸ್ಕೂಟರ್ ಮೇಲೆ ಕೂತೂ ಕೂತೂ ಮೈ ತುಕ್ಕು ಹಿಡಿಯತ್ತಂತೆ. ಸೋಮವಾರದಿಂದ ಸೈಕಲ್ಲೇ ತುಳೀಬೇಕು ಅಂದ್ರು ಡಾಕ್ಟ್ರು."

"ಹೌದೇನಯ್ಯಾ?" ಎಂದು ಅವರು ಗಂಭೀರರಾದರು.

ಡಾಕ್ಟರ ಮುಖ ನೋಡಿ ಗುಮಾಸ್ತನಿಗೆ ಎರಡು ವರ್ಷವಾಗಿತ್ತು. ಸೈಕಲ್ಲಂತೂ ಇರಲೇ ಇಲ್ಲ.

ಹಾಗಾಗಿ ಭಾನುವಾರ ಬೆಳಿಗ್ಗೆ ಅವನ ಪಡಸಾಲೆಯಲ್ಲಿ ಗುಜರಿಯಿಂದ ತಂದ ಫ್ರೇಮು, ಒಂದಕ್ಕೊಂದು ಮುಖಪರಿಚಯವೇ ಇಲ್ಲದ ಎರಡು ಚಕ್ರ, ಮುನಿಸಿಕೊಂಡಂತೆ ವಾರೆಯಾದ ಸೀಟು ಹರಡಿಕೊಂಡಿದ್ದವು. ಗೇರುಗೀರಿನ ತಂಟೆಯೇ ಬೇಡ ಎಂದು ಒಂದೇ ಹಲ್ಲುಚಕ್ರ ತಂದಿದ್ದ.

"ಇದೇನ್ರೀ, ಮನೇನೋ ಗುಜರಿ ಅಂಗಡೀನೋ?" ಎಂದಳು ಹೆಂಡತಿ.

"ಇವತ್ತೊಂದು ದಿನ ತಡ್ಕೊಳ್ಳೇ. ನನ್ನ ಸ್ವಾತಂತ್ರ್ಯದ ಪ್ರಶ್ನೆ!"

ಹಿಂದಿನ ಚಕ್ರದ ನಡು ಬಿಚ್ಚಿದ್ದೇ ತಡ, ಬೇರಿಂಗಿನ ಗುಂಡುಗಳು ಶಾಲೆ ಬಿಟ್ಟ ಮಕ್ಕಳಂತೆ ಓಡಿದವು. ಎಲ್ಲ ಸಿಕ್ಕವು, ಒಂದು ನಾಪತ್ತೆ. ಅದನ್ನು ಕೊನೆಗೆ ಪತ್ತೆ ಮಾಡಿದ್ದು ಅವನ ಹಿಮ್ಮಡಿ. ಗುಮಾಸ್ತ ಜಾರಿ, ಗ್ರೀಸಿನ ಡಬ್ಬಿಯ ಮೇಲೆ ದೊಪ್ಪನೆ ಕೂತ.

ಆ ಸದ್ದಿಗೇ ಕಾದಿದ್ದವರಂತೆ ಮಹಡಿ ಮೇಲಿನ ನಿವೃತ್ತ ಫಿಟ್ಟರು ಇಳಿದು ಬಂದರು. ಬಂದವರು ಇವನು ಪೆಡಲ್ ಕೂರಿಸುವುದನ್ನು ಬಾಗಿಲಿಗೆ ಒರಗಿ ನೋಡುತ್ತ ಸುಖಪಟ್ಟರು.

"ಎಡಗಡೆ ಪೆಡಲ್ಲಿಗೆ ಉಲ್ಟಾ ಥ್ರೆಡ್ಡು ಕಣಯ್ಯ. ಬಿಗಿ ಮಾಡ್ತೀನಿ ಅಂತ ಆಗ್ಲಿಂದ ಬಿಚ್ತಾ ಕೂತಿದೀಯ!"

ಆಮೇಲೆ ಮಹಡಿ ಹತ್ತಿ, ಕಬ್ಬಿಣದ ಕ್ಯಾರಿಯರೊಂದನ್ನು ಮಗುವಿನಂತೆ ಎತ್ತಿಕೊಂಡು ಬಂದರು. "ಹಾಲಿನ ಕ್ಯಾನು ಹೊರ್ತಿದ್ದ ಗಾಡೀದು. ಕ್ವಿಂಟಾಲ್ ಹೇರಿದ್ರೂ ಅಲ್ಲಾಡಲ್ಲ."

"ಕ್ಯಾರಿಯರ್ ಬೇಡ ಯಜಮಾನ್ರೇ, ಗಾಡಿ ಹಗುರ ಇರ್ಲಿ."

"ಬೇಡ ಅಂದ್ರೇನ್ರೀ? ಹಿಟ್ಟಿನ ಚೀಲ ತಲೆ ಮೇಲೆ ಹೊತ್ಕೊಂಡು ಬರ್ತೀರಾ?" ಹೆಂಡತಿ ಅವತ್ತು ಮೊದಲ ಸಲ ಸೈಕಲ್ಲಿನ ಪರ ಮಾತಾಡಿದಳು. ಇಬ್ಬರ ಮುಂದೆ ಒಬ್ಬನ ಆಟ ಎಲ್ಲಿ ನಡೆದೀತು? ನಾಲ್ಕು ಬೋಲ್ಟು ಹಾಕಿ ಕ್ಯಾರಿಯರ್ ಬಿಗಿದೂ ಆಯಿತು.

ಸಂಜೆ ಇಡೀ ಬೀದಿಯೇ ಬಾಗಿಲಿಗೆ ಬಂದು ನಿಂತಿತು. ಮೊದಲ ಸುತ್ತಿನಲ್ಲಿ ಹ್ಯಾಂಡಲ್ ಬಲಕ್ಕೆ ತಿರುಗಿತು, ಚಕ್ರ ತನ್ನ ಪಾಡಿಗೆ ಎಡಕ್ಕೆ ಹೊರಟಿತು. ಯಾರದೋ ಒಣಹಾಕಿದ ದಿಂಬಿನ ಚೀಲ ತಲೆಗೆ ಹಾಕಿಕೊಂಡು ಗುಮಾಸ್ತ ಹಿಂದಿರುಗಿದ. ಫಿಟ್ಟರು ಹ್ಯಾಂಡಲ್ಲಿನ ಬೋಲ್ಟು ಬಿಗಿದರು. ಎರಡನೇ ಸುತ್ತು ಬೆಣ್ಣೆಯಲ್ಲಿ ಕೂದಲು ತೆಗೆದಂತೆ! ಕಿವಿಯಲ್ಲಿ ಬರೀ ಗಾಳಿ. ನೋವಿಲ್ಲ, ಸ್ಕ್ಯಾನಿಲ್ಲ, ಕಲ್ಲಿಲ್ಲ. ಅವನಿಗೆ ಶಿಳ್ಳೆ ಹೊಡೆಯಬೇಕೆನಿಸಿತು, ಹೊಡೆದೂಬಿಟ್ಟ.

ತಿರುಗಿ ಬಂದರೆ ಮನೆ ಬಾಗಿಲಲ್ಲಿ ಹೆಡ್ ಕ್ಲಾರ್ಕ್ ನಿಂತಿದ್ದರು. ನಡೆದೇ ಬಂದಿದ್ದರು.

"ನನ್ನ ಕಣ್ಣು ತೆರೆಸಿದೆಯಯ್ಯ ನೀನು. ತುಕ್ಕು ಅಂದ್ಯಲ್ಲ, ನಿದ್ದೇನೇ ಬರ್ಲಿಲ್ಲ. ಬೆಳಿಗ್ಗೆ ಎದ್ದವನೇ ಸ್ಕೂಟರ್ ಅಳಿಯನಿಗೆ ಕೊಟ್ಬಿಟ್ಟೆ."

"ಹಾಗಾದ್ರೆ ನೀವೂ ಸೈಕಲ್ ತಗೋತೀರಾ ಸಾರ್?" ಗುಮಾಸ್ತನ ದನಿಯಲ್ಲಿ ಇನ್ನೂ ಆಸೆಯಿತ್ತು.

"ನನಗೆಲ್ಲಿ ಬರತ್ತಯ್ಯ ಸೈಕಲ್ಲು?" ಅವರು ಕ್ಯಾರಿಯರನ್ನು ಅಂಗೈಯಿಂದ ಒತ್ತಿ ನೋಡಿ, ನಿಧಾನವಾಗಿ ಅದರ ಮೇಲೆ ಕೂತರು.

"ಹೇಳ್ಲಿಲ್ವಾ, ಅಲ್ಲಾಡಲ್ಲ ಅಂತ!" ಫಿಟ್ಟರು ಹೆಮ್ಮೆಯಿಂದ ಬೀಗಿದರು.

"ಗೇರು ಎಷ್ಟಯ್ಯ ಇದಕ್ಕೆ?" ಎಂದರು ಹೆಡ್ ಕ್ಲಾರ್ಕ್.

"ಒಂದೇ ಸಾರ್."

"ಒಳ್ಳೇದೇ ಆಯ್ತು. ಸ್ಕೂಟರಲ್ಲಿ ಕಾಲು ಗಂಟೆಗೇ ಆಫೀಸು ಬಂದ್ಬಿಡ್ತಿತ್ತು, ಕತೆ ಅರ್ಧಕ್ಕೇ ನಿಲ್ತಿತ್ತು. ಇನ್ನು ಮುಕ್ಕಾಲು ಗಂಟೆ ಆರಾಮಾಗಿ ಸಿಗತ್ತೆ. ಎಲ್ಲಿ, ಒಂದು ರೌಂಡ್ ಹೊಡಿ ನೋಡೋಣ."

ಗುಮಾಸ್ತ ಪೆಡಲ್ ಒತ್ತಿದ. ಬೆನ್ನಿಗೆ ಅಂಟಿಕೊಂಡಂತೆ ಗಂಟಲು ಸರಿಪಡಿಸಿಕೊಂಡ ಸದ್ದು ಕೇಳಿತು.

"ನೀನು ಇದುವರೆಗೂ ಕೇಳಿದ್ದು ಬರೀ ಮೊದಲನೇ ಕಲ್ಲಿನ ವಿಷಯ. ಒಟ್ಟು ಮೂರಿದ್ವು ಕಣಯ್ಯ..."