ಶ್ರೀಕಂಠಯ್ಯನವರು ಮಾರದ ಶೇರು

ಕೆನಡಾ ದೇಶಕ್ಕೆ ಒಮ್ಮೆಯೂ ಕಾಲಿಡದ ಶ್ರೀಕಂಠಯ್ಯನವರು ಟೆಕ್ಸಾಸಿನ ಕನ್ನಡಿಗರ ಪಾಲಿಗೆ ಕೆನಡಾ ಶೇರುಗಳ ಆಸ್ಥಾನ ವಿದ್ವಾಂಸರಾಗಿದ್ದರು. (ಆಸ್ಥಾನವೆಂದರೆ ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ಅವರ ಮನೆಯ ಸೋಫಾ.) ಡಲ್ಲಾಸ್ ಪಕ್ಕದ ರಿಚರ್ಡ್‌ಸನ್ನಿನಲ್ಲಿ ಓದುವ ಹುಡುಗರು ಫೋನ್ ಮಾಡಿ, ಅಂಕಲ್, ಅಲ್ಲಿನ ಬ್ಯಾಂಕು ಒಳ್ಳೆಯದೋ ರೈಲು ಕಂಪನಿಯೋ ಎಂದು ಕೇಳುವರು. ಕೆನಡಾದ ಡಾಲರ್ ಬಿದ್ದು ಶೇರು ಎದ್ದರೆ ನಾವು ಗೆದ್ದ ಹಾಗೋ ಸೋತ ಹಾಗೋ ಎಂದು ಇನ್ನೊಬ್ಬರು ತಲೆ ಕೆಡಿಸಿಕೊಳ್ಳುವರು. ಎಲ್ಲ ರೋಗಕ್ಕೂ ಶ್ರೀಕಂಠಯ್ಯನವರ ಮದ್ದು ಒಂದೇ. ಆಲ್ಬರ್ಟಾದಲ್ಲಿ ಮರಳಿನಿಂದ ಎಣ್ಣೆ ತೆಗೆಯುವ ಒಂದು ಕಂಪನಿ ಇದೆ, ಅದನ್ನು ತಗೊಳ್ಳಿ, ತಗೊಂಡ ಮೇಲೆ ಕಣ್ಣು ಮುಚ್ಚಿ ಕೂತಿರಿ. ಜೀವಮಾನವಿಡೀ ಎಣ್ಣೆ ಕಂಪನಿಯಲ್ಲಿ ಎಂಜಿನಿಯರಾಗಿ ದುಡಿದವರೇ ಹೇಳಿದ ಮೇಲೆ ಇನ್ನೇನು ಎಂದು ಎಲ್ಲರೂ ತೆಗೆದುಕೊಂಡರು. ಫ್ಲೂಗರ್‌ವಿಲ್ಲಿನಲ್ಲಿದ್ದ ಅವರ ಹೆಂಡತಿಯ ತಮ್ಮ ವಿಶ್ವಾಸ್ ಅಂತೂ ಮನೆ ಕೊಳ್ಳಲು ಕೂಡಿಟ್ಟಿದ್ದರಲ್ಲಿ ಅರ್ಧ ತಂದು ಸುರಿದ.

ಆಮೇಲೆ ಎಣ್ಣೆಯ ಬೆಲೆ ಬಿತ್ತು. ಬಿದ್ದದ್ದು ಏಳುವ ಲಕ್ಷಣವೇ ಕಾಣಲಿಲ್ಲ. ಮಾರಿಬಿಡೋಣವೇ ಎಂದು ಗಾಬರಿಯಿಂದ ಕೇಳಿದವರಿಗೆಲ್ಲ ಶ್ರೀಕಂಠಯ್ಯನವರು, ಹೆದರಿ ಮಾರುವವನು ಹೇಡಿ ಎಂದು ಗದರಿದರು. ಹಾಗೆ ಗದರುತ್ತಿರುವಾಗಲೇ ೨೦೧೬ರ ಫೆಬ್ರವರಿಯಲ್ಲಿ ಅವರ ಆಫೀಸಿನವರು ಅವರನ್ನೂ ಒಳಗೆ ಕರೆದು, ಸಾಮಾನು ತುಂಬಿಕೊಳ್ಳಲು ಒಂದು ರಟ್ಟಿನ ಡಬ್ಬ ಕೈಗಿತ್ತು, ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಮಾರನೆಯ ಬೆಳಿಗ್ಗೆ ಟೊರಾಂಟೊ ಶೇರು ಪೇಟೆ ತೆರೆಯುವುದೇ ತಡ, ನಮ್ಮ ಧೀರರು ಸ್ನಾನವನ್ನೂ ಮಾಡದೆ ಕಂಪ್ಯೂಟರ್ ಮುಂದೆ ಕೂತು ತಮ್ಮ ಶೇರನ್ನೆಲ್ಲ ಮಾರಿಬಿಟ್ಟರು. ಮನೆಯ ಕಂತು ಕಟ್ಟಬೇಕಲ್ಲ. (ಆ ಶೇರು ಅದಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಪಂಚಾಂಗ ನೋಡಿದ್ದರೂ ಅಂಥ ಕೆಟ್ಟ ಗಳಿಗೆ ಸಿಗುತ್ತಿರಲಿಲ್ಲ.)

"ವಿಶ್ವಾಸನಿಗೆ ಫೋನ್ ಮಾಡಿ ಹೇಳ್ರಿ," ಎಂದಳು ಹೆಂಡತಿ ಇಂದುಮತಿ. "ನಾನು ಮಾರಿದೀನಿ, ನೀನೂ ಯೋಚನೆ ಮಾಡು ಅಂತ. ಅವನ ಹೆಂಡತಿ ಬೇರೆ ಬಸುರಿ."

"ಏನಂತ ಹೇಳ್ಲಿ ಇಂದು? ಕೆಲಸವೂ ಹೋಯ್ತು, ಮಾತೂ ಹೋಯ್ತು ಅಂತಲೇ? ಉಳಿದಿರೋದು ಇದೊಂದು ಮರ್ಯಾದೆ."

ಅಷ್ಟಕ್ಕೇ ಬಿಡದೆ, ಮಾರಿದ ಸಂಗತಿ ಯಾರಿಗೂ ಹೇಳುವುದಿಲ್ಲವೆಂದು ಅವಳಿಂದ ದೇವರ ಮುಂದೆ ಆಣೆ ಹಾಕಿಸಿಕೊಂಡರು. ಇಂದುಮತಿಗೆ ಅನ್ನ ಸೇರದಾಯಿತು. ಇತ್ತ ಗಂಡ, ಅತ್ತ ತಮ್ಮ. ತಮ್ಮನ ಫೋನ್ ಬಂದರೆ ಸಾಕು, ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಡುವಳು.

ದೇವರ ಆಟ ನೋಡಿ, ಬೇಸಗೆ ಕಳೆಯುವಷ್ಟರಲ್ಲಿ ಆ ಶೇರು ಎದ್ದು ಕೂತು, ನಿಂತು, ಓಡತೊಡಗಿತು. ಶ್ರೀಕಂಠಯ್ಯನವರು ಮಾರಿದ ಬೆಲೆಯ ಎರಡರಷ್ಟಾಯಿತು. ಅವರ ಮಾತು ನಂಬಿ ಕಣ್ಣು ಮುಚ್ಚಿ ಕೂತಿದ್ದವರೆಲ್ಲ ಕಣ್ಣು ಬಿಟ್ಟು, ಸಂಭ್ರಮಪಟ್ಟು, ಗುರುಗಳಿಗೆ ರಾಜ್ಯೋತ್ಸವದಲ್ಲಿ ಸನ್ಮಾನವಾಗಲೇಬೇಕೆಂದು ತೀರ್ಮಾನಿಸಿದರು. ಬೇಡವೆಂದಷ್ಟೂ ಅದು ವಿನಯವೆನಿಸಿಕೊಂಡಿತು. ಶಾಲೆಯೊಂದರ ಸಭಾಂಗಣದಲ್ಲಿ ಅವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಕೆಲಸ ಹೋದರೂ ಶೇರು ಬಿಡದ ಸ್ಥಿತಪ್ರಜ್ಞ ಎಂದು ಹೊಗಳಿದರು. ಪಕ್ಕದಲ್ಲಿ ಇಂದುಮತಿ ನೆಲ ನೋಡುತ್ತ ಕೂತಿದ್ದಳು. ಕೊನೆಗೆ, ಎಳೆ ಮಗುವನ್ನು ಹೆಗಲಿಗೆ ಹಾಕಿಕೊಂಡ ವಿಶ್ವಾಸ್ ಮೈಕು ಹಿಡಿದ.

"ಯಾವಾಗ ಮಾರೋದು ಅಂತ ಎಲ್ರೂ ಕೇಳ್ತಾರೆ. ನಂಗೆ ಆ ಚಿಂತೇನೇ ಇಲ್ಲ. ನಮ್ಮ ಭಾವ ಮಾರಿದ ದಿನ ನಾನೂ ಮಾರ್ತೀನಿ. ಅಲ್ಲಿವರೆಗೂ ಮುಟ್ಟಲ್ಲ."

ನಾವೂ ಅಷ್ಟೇ, ನಾವೂ ಅಷ್ಟೇ ಎಂದು ಸಭೆ ಚಪ್ಪಾಳೆ ತಟ್ಟಿತು. ಪೇಟದೊಳಗೆ ಶ್ರೀಕಂಠಯ್ಯನವರ ತಲೆ ಬೆವರಿತು.

"ಇನ್ನು ಅವನು ಸಾಯೋವರೆಗೂ ಮಾರಲ್ಲ," ಎಂದಳು ಇಂದುಮತಿ, ಮನೆಗೆ ಹೋಗುವ ದಾರಿಯಲ್ಲಿ, ಕಾರಿನ ಕಿಟಕಿಯ ಕಡೆ ತಿರುಗಿಕೊಂಡು. ನಿಜ ಹೇಳಿಬಿಡಿ ಎಂದು ಅತ್ತಳು. ಪೇಟ ಇಟ್ಟ ತಲೆಯಿಂದ ನಿಜ ಹೊರಡುವುದು ಕಷ್ಟ. ಬದಲಿಗೆ ಒಂದು ಉಪಾಯ ಹೊರಟಿತು. ಅದೇ ಶೇರನ್ನು ಸ್ವಲ್ಪ ಮತ್ತೆ ಕೊಳ್ಳುವುದು, ಮೂರು ದಿನ ಬಿಟ್ಟು ಗುರುವಾರ ಅದನ್ನು ಮಾರುವುದು, ಮಾರಿದೆ ಎಂದು ಎಲ್ಲರಿಗೂ ಫೋನ್ ಮಾಡುವುದು. ಸುಳ್ಳೂ ಇಲ್ಲ, ಅವಮಾನವೂ ಇಲ್ಲ. ಸೋಮವಾರ ಬೆಳಿಗ್ಗೆ, ತಾವೇ ಅಗ್ಗಕ್ಕೆ ಮಾರಿದ್ದನ್ನು ಎರಡರಷ್ಟು ಕೊಟ್ಟು, ಹಲ್ಲು ಕಚ್ಚಿಕೊಂಡು ಕೊಂಡರು.

ಸಂಜೆ ವಿಶ್ವಾಸನ ಫೋನ್ ಬಂತು. ಅಕ್ಕ ಎಲ್ಲ ಹೇಳಿದಳು ಎಂದ. ಶ್ರೀಕಂಠಯ್ಯನವರು ಸೋಫಾದಿಂದ ಎದ್ದು ನಿಂತರು.

"ಕೆಲಸ ಇಲ್ದೇ ಇರೋವಾಗಲೂ ಮತ್ತೆ ತಗೊಂಡಿದೀರಿ ಅಂದ್ರೆ ನಿಮಗೇನೋ ಗೊತ್ತಿರಬೇಕು ಭಾವ. ಮನೆಗೆ ಅಂತ ಇಟ್ಟಿದ್ದ ಮಿಕ್ಕ ಅರ್ಧನೂ ಹಾಕ್ಬಿಟ್ಟೆ. ರಿಚರ್ಡ್‌ಸನ್ ಹುಡುಗರಿಗೂ ಹೇಳಿದೀನಿ."

ಫೋನ್ ಇಟ್ಟು ಶ್ರೀಕಂಠಯ್ಯನವರು ಹೆಂಡತಿಯ ಮೇಲೆ ಹರಿಹಾಯ್ದರು.

"ಮಾರಿದ್ದನ್ನ ಹೇಳಬೇಡ ಅಂತ ಆಣೆ ಹಾಕಿಸಿದ್ರಿ," ಎಂದಳು ಇಂದುಮತಿ. "ತಗೊಂಡಿದ್ದನ್ನ ಹೇಳಬೇಡ ಅಂದಿರಲಿಲ್ಲ. ಇಷ್ಟು ದಿನ ಅವನ ಹತ್ರ ನಿಜ ಅಂತ ಹೇಳೋಕೆ ನಂಗೆ ಅದೊಂದೇ ಸಿಕ್ಕಿದ್ದು."

ಗುರುವಾರ ಬಂತು. ಈಗ ಮಾರಿದರೆ, ಊರವರ ಕೈಯಲ್ಲೆಲ್ಲ ಕೊಳ್ಳಿಸಿ ತಾನು ಜಾರಿಕೊಂಡ ಎನ್ನುತ್ತಾರೆ ಎಂದು ಅವರು ಮಾರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಶೇರು ಇಳಿಯತೊಡಗಿತು. ಇಳಿದಾಗ ಮಾರಿದರೆ ಹೇಡಿಯಾದಂತೆ, ಆಗಲೂ ಮಾರಲಿಲ್ಲ. ಯುಗಾದಿಯ ಹೊತ್ತಿಗೆ ಅದು ಇನ್ನಷ್ಟು ಇಳಿದಿತ್ತು. ಹಬ್ಬದ ದಿನ ವಿಶ್ವಾಸ್ ಫೋನ್ ಮಾಡಿ, ಮನೆಯ ಆಸೆ ಸದ್ಯಕ್ಕೆ ಬಿಟ್ಟೆವು, ಇದೇ ಅಪಾರ್ಟ್‌ಮೆಂಟಿನಲ್ಲಿ ಇರುತ್ತೇವೆ ಎಂದ. ಹಿಂದೆ ಮಗು ಅಳುತ್ತಿತ್ತು. ಶ್ರೀಕಂಠಯ್ಯನವರು, ಬೇಕಾದರೆ ನೀನು ಮಾರಿಬಿಡಪ್ಪ ಎಂದರು.

"ನೀವು ಮಾರಿದ್ರಾ ಭಾವ?"

"ಇಲ್ಲ."

"ಮತ್ತೆ? ನೀವಿರೋವಾಗ ನಂಗೇನು ಭಯ," ಎಂದು ನಕ್ಕು, ಅವನು ಮಗುವಿನ ಕೈಗೆ ಫೋನ್ ಕೊಟ್ಟ.