ಲ್ಯಾಪ್‌ಟಾಪಿಗೆ ಸ್ಪೀಡು ತರಲು ಹೊರಟದ್ದು

ಲ್ಯಾಪ್‌ಟಾಪ್ ಅನ್ನುವುದೊಂದು ಮನೆಗೆ ಬಂದ ಮೇಲೆ ನಾನು ಬೆಚ್ಚಿಬೀಳದ ವಾರವೇ ಇಲ್ಲ. ಈಚೆಗಂತೂ ಒಂದರ ಹಿಂದೆ ಒಂದು. ಮಗಳದು ಕಡೇ ವರ್ಷದ ಇಂಜಿನಿಯರಿಂಗ್. ಸೋಮವಾರ ಪ್ರಾಜೆಕ್ಟ್ ತೋರಿಸಬೇಕು, ತಪ್ಪಿದರೆ ಆರು ತಿಂಗಳು ಹೋಯಿತು. ನಾವಿಬ್ಬರೂ ಬಳಸುವ ಲ್ಯಾಪ್‌ಟಾಪೋ, ಗುಂಡಿ ಒತ್ತಿ ಪೂಜೆಗೆ ಕೂತರೆ ಮಂಗಳಾರತಿ ಆದರೂ ಕಣ್ಣು ಬಿಡದು.

"ಅಪ್ಪಾ, ಸ್ಪೀಡಾಗಿರೋ ಮೆಮೊರಿ ಹಾಕ್ಸು" ಅಂತ ಒಂದೇ ಗೋಳು.

ಗುಬ್ಬಿಯ ರಾಕೆಟ್ಟು

ಕಣ್ಣಾರೆ ನೋಡೋಣವೆಂದು ಗುಬ್ಬಿಗೆ ಹೋದೆ. ಅಲ್ಲಿ ನನ್ನ ಭಾವಮೈದ ಆಗಲೇ ಅಂಥದ್ದು ಹಾಕಿಸಿದ್ದ.

"ರಾಕೆಟ್ ಕಣ್ ಭಾವ!" ಎಂದು ಆನ್ ಮಾಡಿದ. ಪಾಸ್‌ವರ್ಡ್ ಕೇಳಿತು. ಹಾಕಿದ, ತಪ್ಪು ಅಂತು. ಹೆಂಡತಿ ಹೆಸರು ಹಾಕಿದ, ಎಮ್ಮೆ ಹೆಸರೂ ಹಾಕಿದ. ತಪ್ಪು, ತಪ್ಪು.

"ಎಲ್ಲಯ್ಯ ನಿನ್ ರಾಕೆಟ್ಟು?"

"ಮೊದ್ಲು ತಪ್ಪು ಅನ್ನಕ್ಕೆ ಎರಡು ನಿಮಿಷ ತಗೋತಿತ್ತು ಭಾವ. ಈಗ ನೋಡಿ, ಒತ್ತಿದ ತಕ್ಷಣ ಅಂತದೆ!"

ಎತ್ತಿನ ಜೋಡಿ

ಶನಿವಾರ ಮಗಳ ಜೊತೆ ತುಮಕೂರಿನ ರಿಪೇರಿ ಅಂಗಡಿಗೆ ಹೋಗಿ ಬೆಲೆ ಕೇಳಿದೆ. ಅಂಗಡಿಯವನು ಹೇಳಿದ. ನಾನು ಆ ಮೆಮೊರಿಯನ್ನು ಬೆರಳ ಪಕ್ಕ ಹಿಡಿದು ಅಳೆದೆ. ಬೆರಳುದ್ದದ ತುಂಡು! ಆ ಬೆಲೆಗೆ ಕುಣಿಗಲ್ಲಿನಲ್ಲಿ ಮರಿ ಸಮೇತ ಮೇಕೆ ಬರುತ್ತದೆ.

"ಸ್ಪೀಡಿನದಕ್ಕೆ ಅಷ್ಟು ಸಾರ್. ಆದ್ರೆ ನಿಮ್ಮ ಮಿಷಿನ್ನು ಅಷ್ಟು ಓಡಲ್ಲ. ಹಳೇದರ ಜೊತೆ ಹಾಕಿದ್ರೆ ಹೊಸದೂ ಹಳೇದರಷ್ಟೇ ಓಡೋದು."

"ಮುದಿ ಎತ್ತಿನ ಜೊತೆ ಹೋರಿ ಕಟ್ದಂಗೆ?"

"ಅಷ್ಟೇ ಸಾರ್!"

"ಮತ್ಯಾಕಪ್ಪಾ ಮಾರ್ತೀಯ?"

"ಬೇಡ ಅಂದ್ರೂ ಕೇಳಲ್ಲ ಸಾರ್. ಹೋದ ತಿಂಗಳು ಗುಬ್ಬಿಯೋರೊಬ್ರು, ರಾಕೆಟ್ ಆಗ್ಲೇಬೇಕು ಅಂತ ಜಗಳ ಆಡಿ ತಗೊಂಡೋದ್ರು."

ನೂರಾ ಹನ್ನೆರಡು

"ಇರೋ ಮೆಮೊರೀನ ಏನು ತಿಂತಿದೆ ನೋಡೋಣ" ಎಂದು ಅಂಗಡಿಯವನು ಲ್ಯಾಪ್‌ಟಾಪ್ ತೆರೆದ. ದಂಗಾಗಿ ಹೋದ. ಮಗಳು ಎಂದೂ ಇಣುಕದ ನನ್ನ ಬ್ರೌಸರಿನಲ್ಲಿ ನೂರಾ ಹನ್ನೆರಡು ಪುಟ ತೆರೆದೇ ಇದ್ದವು, ಎಲ್ಲದರಲ್ಲೂ ದೇವರು! ದಿನಾ ಬೆಳಿಗ್ಗೆ ಒಂದೊಂದು ದೇವರ ಪುಟ ತೆರೆದು ಕೈಮುಗಿಯುವುದು ನನ್ನ ಪದ್ಧತಿ.

"ಅಪ್ಪಾ! ಆಮೇಲೆ ಮುಚ್ಚೋದಲ್ವಾ?"

"ದೇವರ ಪಟ ಇರೋ ಲಗ್ನಪತ್ರಿಕೇನೇ ನಾವು ಕಸಕ್ಕೆ ಹಾಕಲ್ಲ. ಸ್ವಾಮಿ ತಲೆ ಮೇಲೆ ಇಂಟು ಗುರುತು ಒತ್ತೋದೇನವ್ವ?"

ಮಗಳು ತಾನೇ ಒತ್ತಲು ಹೋದಳು. ಅಂಗಡಿಯವನು ಥಟ್ಟನೆ ಕೈ ಅಡ್ಡ ಹಿಡಿದ. "ಬೇಡಮ್ಮಾ, ನನ್ನ ಅಂಗಡೀಲಿ ಮಾತ್ರ ಬೇಡ!"

ಸೋಮವಾರ ನೆನೆದು ಮಗಳ ಕಣ್ಣು ತುಂಬಿತು. ಅದನ್ನು ನೋಡಲಾಗದೆ ನಾನು ಚಪ್ಪಲಿ ಬಿಟ್ಟು, ಹಬ್ಬದ ಗಣಪತಿಗೆ ಹೇಳುವ ವಿಸರ್ಜನೆಯ ಮಂತ್ರ ಹೇಳಿದೆ. ಅಂಗಡಿಯವನು ಊದುಬತ್ತಿ ಹಚ್ಚಿ ಹಿಡಿದ. "ಹೋಗಿ ಬನ್ನಿ ಸ್ವಾಮಿ, ಹೋಗಿ ಬಾರಮ್ಮ ತಾಯಿ" ಎಂದು ಒಂದೊಂದೇ ಪುಟ ಮುಚ್ಚಿ ಒಬ್ಬೊಬ್ಬರನ್ನೇ ಬೀಳ್ಕೊಟ್ಟೆ. ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಮಗಳು ತನ್ನ ಪ್ರಾಜೆಕ್ಟಿನ ಮೇಲೆ ಒತ್ತಿದಳು ನೋಡಿ, ರೆಪ್ಪೆ ಬಡಿಯುವಷ್ಟರಲ್ಲಿ ತೆರೆದುಕೊಂಡಿತು! ಹೊಸ ಮೆಮೊರಿಯ ಮಾತು ಅಲ್ಲಿಗೇ ಮುಗಿಯಿತು.

"ಏನ್ ಕೊಡ್ಲಪ್ಪ?" ಎಂದೆ.

ಅಂಗಡಿಯವನು ಕೈಮುಗಿದ. "ದುಡ್ಡು ಬೇಡ ಸಾರ್. ನಮ್ಮಪ್ಪನ ಕಂಪ್ಯೂಟರೂ ಹಿಂಗೇ ನಿಂತೋಗಿದೆ. ಬಿಚ್ಚಿ ಬಿಚ್ಚಿ ನನಗೂ ಸಾಕಾಯ್ತು. ನಾಳೆ ಭಾನುವಾರ, ಮಡೀಲಿ ಬಂದು ಅದನ್ನೂ ಸ್ವಲ್ಪ ವಿಸರ್ಜನೆ ಮಾಡ್ಕೊಡ್ತೀರಾ?"