ಹೆಗಡೆಕಟ್ಟಾದ ಮೊಮ್ಮಗ ಗ್ರಾಫಿಕ್ಸ್ ಕಾರ್ಡ್ ಕೊಂಡದ್ದು

ತಪ್ಪು ನನ್ನದೇ. ಅಂಗಡಿಯವರದಲ್ಲ, ಕಾರ್ಡಿನದಲ್ಲ, ತೀರಿಹೋದ ಆ ಅಜ್ಜನದಂತೂ ಅಲ್ಲವೇ ಅಲ್ಲ. ಇಷ್ಟನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದನ್ನು ಹೇಳುವುದು ಹಗುರ.

ನಮ್ಮದು ಬನವಾಸಿ ಕಡೆ. ನನಗಿರುವ ಏಕೈಕ ವಿದ್ಯೆ ಎಂದರೆ ಮಂದಿಯ ದನಿಯನ್ನು ಅವರಂತೆಯೇ ತೆಗೆಯುವುದು. ಬಸ್ ಕಂಡಕ್ಟರ್, ಪಂಚಾಯ್ತಿ ಸೆಕ್ರೆಟರಿ, ಕಸ್ಟಮರ್ ಕೇರ್ ಹುಡುಗಿ, ಯಾರನ್ನೂ ಬಿಟ್ಟಿಲ್ಲ. ಕಸ್ಟಮರ್ ಕೇರ್ ದನಿ ಬರುವವನಿಗೆ ಕಂಪ್ಯೂಟರೂ ಬರುತ್ತದೆ ಎಂಬ ಮೂಢನಂಬಿಕೆ ನಮ್ಮ ಮನೆಯಲ್ಲಿತ್ತು. ನನಗೂ ಇತ್ತು.

ಅತ್ತಿಗೆಗೆ ಮನೆಯಿಂದಲೇ ಮಾಡುವ ಕೆಲಸವೊಂದು ಸಿಗುವುದರಲ್ಲಿತ್ತು. ವಿಡಿಯೋ ನೋಡುತ್ತ ಅದರ ಮಾತನ್ನು ಕನ್ನಡದಲ್ಲಿ ಟೈಪ್ ಮಾಡುವುದು. ಮದುವೆಯಾಗಿ ಮೂರು ವರ್ಷ ಹುಡುಕಿದ ಮೇಲೆ ಸಿಕ್ಕ ಅವಕಾಶ. ಷರತ್ತು ಒಂದೇ: ಒಂದು ಪರದೆಯಲ್ಲಿ ವಿಡಿಯೋ, ಇನ್ನೊಂದರಲ್ಲಿ ಟೈಪಿಂಗ್. ಶನಿವಾರ ಹತ್ತು ಗಂಟೆಗೆ ಕೆಲಸ ಕೊಡುವವರು ವಿಡಿಯೋ ಕಾಲ್ ಮಾಡಿ ಎರಡೂ ಪರದೆ ಕಣ್ಣಾರೆ ನೋಡುವವರಿದ್ದರು. ಅತ್ತಿಗೆ ಎರಡನೇ ಮಾನಿಟರನ್ನು ತವರಿನಿಂದ ಹೊತ್ತು ತಂದರು. ನಮ್ಮ ಸಿಪಿಯು ಯಾವುದೋ ಆಫೀಸಿನವರು ಹರಾಜಿಗೆ ಹಾಕಿದ್ದ ಸಪೂರ ಡಬ್ಬಿ. ಹಿಂದೆ ಮಾನಿಟರಿಗೆಂದು ಕಂಡದ್ದು ಒಂದೇ ತೂತು.

"ಗ್ರಾಫಿಕ್ಸ್ ಕಾರ್ಡ್ ಹಾಕಿದರಾಯಿತು," ಎಂದು ತಾಂತ್ರಿಕ ಸಮಿತಿ ತೀರ್ಪಿತ್ತಿತು. ಸಮಿತಿ ಎಂದರೆ ನಾನು.

ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿದೆ. ಎಲ್ಲದರಲ್ಲೂ ಬಂದೂಕು ಹಿಡಿದು ಓಡುವ ಆಟಗಳೇ. ನಮ್ಮ ಅತ್ತಿಗೆ ಓಡುವುದು ಹಾಲು ಉಕ್ಕಿದಾಗ ಮಾತ್ರ. ಹಾಗಾಗಿ ಅಗ್ಗದ್ದು ಸಾಕೆಂದು ಬುಧವಾರ ಶಿರಸಿ ಬಸ್ ಹತ್ತಿದೆ.

ಬಸ್ಸಿನಲ್ಲಿ ನನ್ನ ವಿದ್ಯೆ ಹೆಡೆಯೆತ್ತಿತು. ಅಲ್ಲಿನ ಕಂಪ್ಯೂಟರ್ ಅಂಗಡಿಯವರು ಅಡಿಕೆ ತೋಟದ ಕಡೆಯವರು. ಅವರ ಮಾತಲ್ಲೇ ಮಾತಾಡಿದರೆ 'ನಮ್ಮ ಪೈಕಿ ಮಾಣಿ' ಎಂದು ಒಳ್ಳೆಯ ಮಾಲನ್ನು ಕಡಿಮೆಗೆ ಕೊಡುತ್ತಾರಲ್ಲವೇ? ಆ ಮಾತು ನನಗೆ ನೀರು ಕುಡಿದಷ್ಟು ಸಲೀಸು.

"ಒಂದು ಗ್ರಾಫಿಕ್ಸ್ ಕಾರ್ಡ್ ಬೇಕಾಗಿತ್ತಲ," ಎಂದೆ. "ಸಣ್ಣದಾದ್ರೂ ಅಡ್ಡಿಲ್ಲೆ."

ಅಂಗಡಿಯವರ ಮುಖ ಅರಳಿತು. ಎಲೆಯಡಿಕೆಯ ಕವಳದ ತಟ್ಟೆಯನ್ನು ನನ್ನತ್ತ ತಳ್ಳಿದರು. "ಯಾವೂರಾತು?"

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಹೊರಗೆ ನಿಂತ ಟೆಂಪೋದ ಮೇಲೆ ಬರೆದಿದ್ದನ್ನೇ ಓದಿದೆ. "ಹೆಗಡೆಕಟ್ಟಾ."

"ಹೌದಾ! ಎನ್ನ ಹೆಂಡ್ತಿ ತವರುಮನೆ ಅಲ್ಲೇಯ. ನೀ ಯಾರ ಮನೆ ಮಾಣಿ?"

ಎಲ್ಲ ಊರಿನಲ್ಲೂ ಒಂದು ಮೇಲಿನಮನೆ ಇರುತ್ತದೆ ಎಂಬ ಲೋಕಜ್ಞಾನ ಕೈಹಿಡಿಯಿತು. "ಮೇಲಿನಮನೆ."

"ಸುಬ್ರಾಯಜ್ಜನ ಮೊಮ್ಮಗನಾ?"

"ಹೌದು. ಅಜ್ಜ ಈಗ್ಲೂ ಗಟ್ಟಿ ಇದ್ದ. ದಿನಾ ತೋಟಕ್ಕೆ ಹೋಗ್ತ."

ಡಬ್ಬಿ ತೆಗೆಯುತ್ತಿದ್ದ ಅವರ ಕೈ ನಿಂತಿತು. "ತಮಾ, ಹೋದ ವರ್ಷ ಅಂವನ ವರ್ಷಾಂತದ ತಿಥಿಗೆ ಹೋಗಿ ಆನು ಉಂಡ್ಕ ಬಂದಿದ್ದಿ."

"ಅಂವ ಅಲ್ಲ... ಇನ್ನೊಬ್ಬ ಅಜ್ಜ," ಎಂದೆ. ಮುಂದೆ ಅಜ್ಜಿಯ ವಿಚಾರಣೆ ಬರುವುದು ಖಾತ್ರಿಯಿತ್ತು. ಬಸ್ ತಪ್ಪುತ್ತದೆಂದು ಹೇಳಿ, ದುಡ್ಡು ಕೊಟ್ಟು, ಡಬ್ಬಿ ಕಿತ್ತುಕೊಂಡು ಓಡಿದೆ. ಯಾವ ಕಂಪ್ಯೂಟರ್, ಯಾವ ಕೆಲಸಕ್ಕೆ, ಒಂದು ಮಾತೂ ಆಗಲಿಲ್ಲ. ನನ್ನ ವಂಶಾವಳಿ ಮಾತ್ರ ಪೂರ್ತಿ ಚರ್ಚೆಯಾಗಿತ್ತು.

ಮನೆಯಲ್ಲಿ ಸಿಪಿಯುವಿನ ಮುಚ್ಚಳ ಬಿಚ್ಚಿ ಕೂರಿಸಿ ನೋಡಿದರೆ, ಕಾರ್ಡು ಅದಕ್ಕಿಂತ ಎತ್ತರ! ಬೆಂಚಿನ ಮೇಲೆ ನಿಂತ ಲಂಬೂ ಹುಡುಗನಂತೆ ಅರ್ಧ ಹೊರಗೇ. ಅದರ ತಗಡಿನ ಪಟ್ಟಿಯನ್ನು ಇಕ್ಕಳದಲ್ಲಿ ಬಗ್ಗಿಸಿದೆ. ಅಂಗೈಯಲ್ಲಿ ಅದುಮಿದೆ. ಸ್ವಿಚ್ ಹಾಕಿದೆ. ಸಿಪಿಯು ಮೂರು ಸಲ ಕೂಗಿ ಸುಮ್ಮನಾಯಿತು. ಎರಡನೇ ಪರದೆ ಬರಲಿಲ್ಲ, ಮೊದಲನೆಯದೂ ಹೋಯಿತು. ಗುರುವಾರವಿಡೀ ಸ್ಕ್ರೂ ತಿರುಗಿಸಿದೆ. ಕಾರ್ಡು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅತ್ತಿಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದರು. "ಬಸು, ನಾಳಿಗೆ ಅವ್ರು ಎರಡು ಸ್ಕ್ರೀನ್ ತೋರ್ಸ್ರಿ ಅಂತಾರ. ಒಂದ್ರಾಗ ನಿನ್ನ ಮುಖ ತೋರಿಸ್ಲೋ, ಎರಡ್ರಾಗೂ ತೋರಿಸ್ಲೋ?"

"ಅತ್ತಿಗೆ, ಇನ್ನೊಂದು ತಾಸು..."

"ನಿನ್ನ ತಾಸು ಸಾಕು. ಡಬ್ಬಿ ಎತ್ಕೊ, ನಡಿ. ನಾನೂ ಬರ್ತೀನಿ."

ಹಳೇ ಸೀರೆಯಲ್ಲಿ ಸುತ್ತಿದ ಸಿಪಿಯುವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮತ್ತೆ ಶಿರಸಿಗೆ ಹೋದೆವು. ಅಂಗಡಿಯವರು ನನ್ನನ್ನು ಕಂಡು ತಣ್ಣಗೆ ಕೇಳಿದರು, "ಅಜ್ಜ ಇವತ್ತೂ ತೋಟಕ್ಕೆ ಹೋಯ್ದ್ನಾ?"

"ಹೋಯ್ದ, ಹೋಯ್ದ. ಈ ಕಾರ್ಡು ಸ್ವಲ್ಪ ಎಂತೋ ಆಗೋಯ್ದು..."

ಅತ್ತಿಗೆ ನನ್ನತ್ತ ತಿರುಗಿದರು. "ಯಾಕೋ, ಗಂಟ್ಲಾಗ ಏನರ ಸಿಕ್ಕೊಂಡೈತೇನು? ಮನ್ಯಾಗ ಮಾತಾಡ್ದಂಗ ಮಾತಾಡು." ಆಮೇಲೆ ಅವರಿಗೆ ಹೇಳಿದರು, "ನಾವು ಬನವಾಸಿ ಕಡ್ಯಾರ್ರಿ. ಟೈಪಿಂಗ್ ಕೆಲಸಕ್ಕ ಎರಡು ಸ್ಕ್ರೀನ್ ಬೇಕ್ರಿ, ನಾಳಿಗೇ. ಇಲ್ಲಾಂದ್ರ ನನ್ನ ಕೆಲಸ ಹೋಗ್ತೈತಿ."

ಅಂಗಡಿಯವರು ಕಾರ್ಡನ್ನು ಹಗುರವಾಗಿ ಕಿತ್ತರು. ಸಿಪಿಯುವನ್ನು ಹಿಂದೆ ಮುಂದೆ ತಿರುಗಿಸಿದರು. ಹಿಂಬದಿಯಲ್ಲಿ ಹಳೇ ಆಫೀಸಿನವರು ಅಂಟಿಸಿದ್ದ ನಂಬರಿನ ಸ್ಟಿಕ್ಕರ್ ಒಂದಿತ್ತು. ಉಗುರಲ್ಲಿ ಕೆರೆದರು. ಅದರಡಿ ಮಾನಿಟರಿನ ಎರಡನೇ ತೂತು ಬಾಯಿ ತೆರೆದು ಕೂತಿತ್ತು! ಡ್ರಾಯರಿನಿಂದ ಆ ತೂತನ್ನು ಮಾನಿಟರಿನ ವೈರಿಗೆ ಹೊಂದಿಸುವ ಗೇಣುದ್ದದ ತುಂಡೊಂದನ್ನು ತೆಗೆದು ಸಿಕ್ಕಿಸಿದರು. ಅಂಗಡಿಯ ಎರಡು ಮಾನಿಟರುಗಳಿಗೆ ಜೋಡಿಸಿದ್ದೇ, ಎರಡೂ ಪರದೆ ಬೆಳಗಿದವು.

"ಈ ಕೆಲಸಕ್ಕೆ ಕಾರ್ಡೇ ಬೇಡ್ರೀ," ಎಂದರು ಅತ್ತಿಗೆಗೆ. ನಾನು ಬಗ್ಗಿಸಿದ ಪಟ್ಟಿಯನ್ನು ನೆಟ್ಟಗೆ ಮಾಡಿಕೊಂಡು ಕಾರ್ಡನ್ನೂ ವಾಪಸು ತೆಗೆದುಕೊಂಡರು. ಮರುದಿನ ಅತ್ತಿಗೆಗೆ ಕೆಲಸವೂ ಸಿಕ್ಕಿತು.

ಆದರೆ ನನಗೆ ಮರ್ಯಾದೆ ಉಳಿಸಿಕೊಳ್ಳುವ ಚಟ. ಆ ಶುಕ್ರವಾರ ಅಂಗಡಿಯಿಂದ ಹೊರಡುವ ಮೊದಲು, ನನ್ನದೇ ದನಿಯಲ್ಲಿ, ಒಂದಿಷ್ಟು ಜೋರಾಗಿಯೇ ಕೇಳಿದೆ: "ಅಲ್ರೀ, ಇದನ್ನ ನೀವು ಅವತ್ತೇ ಹೇಳಬೇಕಿತ್ತಲ್ರಿ?"

ಅವರು ಅಡಿಕೆ ಕತ್ತರಿಸುವುದನ್ನೂ ನಿಲ್ಲಿಸಲಿಲ್ಲ.

"ಗಿರಾಕಿ ಆಗಿ ಬಂದಿದ್ರೆ ಕಂಪ್ಯೂಟರ್ ಯಾವುದು ಅಂತ ಕೇಳ್ತಿದ್ದೆ. ನೀನು ನೆಂಟ ಆಗಿ ಬಂದ್ಯಲ್ಲೋ ತಮಾ, ಅದಕ್ಕೆ ಮನೆ ಯಾವುದು ಅಂತ ಕೇಳ್ದೆ."